ಒಂದೇ ಅಕ್ಷರ ಬದಲಿಸಿ, ಉಳಿದದ್ದು ಹಾಗೇ ಇರಲಿ

(ಕೊಪ್ಪಳದಲ್ಲಿ ಓದುಗರು, ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಸಭೆಯಿಂದ ಬಂದ ಹೆಸರುಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಆಟ ಆಡಿಬಿಡೋಣ. ಮಾತು ಆಮೇಲೆ. ಪಂಚತಂತ್ರ ಎಲ್ಲರಿಗೂ ಗೊತ್ತು. ಈ ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿ. ಉಳಿದದ್ದನ್ನು ಮುಟ್ಟಬೇಡಿ. ಹೊಸ ಹೆಸರಿಗೂ ಅರ್ಥ ಇರಬೇಕು. ಅಷ್ಟೇ ನಿಯಮ.

"ಲಂಚತಂತ್ರ!"

ಹೌದು, ಎಲ್ಲೇ ಆಡಿದರೂ ಮೊದಲು ಬರುವ ಉತ್ತರ ಇದೇ. ಚೆನ್ನಾಗಿದೆ. ಬೇರೆ? "ಪಂಪತಂತ್ರ." ಇದು ನಮ್ಮ ನೆಲದ ಉತ್ತರ. ಪಂಪಾ ಸರೋವರ ಇಲ್ಲೇ ಆನೆಗೊಂದಿಯ ಹತ್ತಿರ ಇದೆ. ತುಂಗಭದ್ರೆಗೂ ಪಂಪೆ ಅನ್ನುವ ಹಳೆಯ ಹೆಸರಿದೆ. ಇನ್ನೊಂದು? ಹಿಂದಿನ ಸಾಲಿನಲ್ಲಿ ಯಾರೋ ಕೈ ಎತ್ತಿದ್ದೀರಿ. ಹೇಳಮ್ಮಾ.

"ಪಂಚಯಂತ್ರ, ಸರ."

ಇಲ್ಲಿ ಸ್ವಲ್ಪ ನಿಲ್ಲೋಣ. ಲಂಚತಂತ್ರ ಕೇಳಿದಾಗ ನಕ್ಕೆವು, ಮುಗಿಯಿತು. ಪಂಚಯಂತ್ರ ಕೇಳಿದರೆ ನಗು ಜಾಸ್ತಿ ಬರುವುದಿಲ್ಲ. ಆದರೆ ತಲೆಯೊಳಗೆ ಏನೋ ಶುರುವಾಗುತ್ತದೆ, ಅಲ್ವಾ? ದುರ್ಗಸಿಂಹ ಕನ್ನಡಕ್ಕೆ ಪಂಚತಂತ್ರ ತಂದು ಸಾವಿರ ವರ್ಷ ಆಗುತ್ತಾ ಬಂತು. 1031ರ ಸುಮಾರಿನ ಪುಸ್ತಕ ಅದು. ಅದರಲ್ಲಿ ಪ್ರಾಣಿಗಳು ರಾಜಕೀಯ ಮಾತಾಡುತ್ತವೆ. ಪಿಂಗಳಕ ಅನ್ನುವ ಸಿಂಹ, ಸಂಜೀವಕ ಅನ್ನುವ ಎತ್ತು, ಕರಟಕ-ದಮನಕ ಅನ್ನುವ ನರಿಗಳು. ಈಗ ಒಂದು ಅಕ್ಷರ ಬದಲಾಯಿತು. ಪ್ರಾಣಿಗಳ ಜಾಗಕ್ಕೆ ಯಂತ್ರಗಳು ಬಂದವು. ಕಾಡಿನ ಬದಲು ಗಂಗಾವತಿಯ ಒಂದು ಅಕ್ಕಿ ಗಿರಣಿ ಇಟ್ಟುಕೊಳ್ಳಿ. ರಾತ್ರಿ ಆಗಿದೆ. ಹಮಾಲರು ಮನೆಗೆ ಹೋಗಿದ್ದಾರೆ. ಗಿರಣಿಯ ದೊಡ್ಡ ಮೋಟರೇ ಪಿಂಗಳಕ. ಹೊರಗೆ ಯಾವುದೋ ಗುಡುಗಿನಂಥ ಸದ್ದು ಕೇಳಿ ಅದಕ್ಕೆ ದಿಗಿಲು. ಆ ಸದ್ದು ಯಾರದ್ದು? ಮಾಲೀಕ ದಾರಿಯಲ್ಲೇ ಬಿಟ್ಟುಹೋದ ಹಳೆಯ ಟ್ರ್ಯಾಕ್ಟರಿನದು. ಅದೇ ಸಂಜೀವಕ. ದಮನಕ ಯಾರು? ಗಿರಣಿಗಳಲ್ಲಿ ಈಗ ಕಲರ್ ಸಾರ್ಟರ್ ಅಂತ ಒಂದು ಯಂತ್ರ ಇರುತ್ತದೆ. ನೋಡಿದವರಿಗೆ ಗೊತ್ತು. ಅದು ಕ್ಯಾಮೆರಾದಿಂದ ಹರಿದು ಬರುವ ಅಕ್ಕಿ ಕಾಳುಗಳನ್ನು ನೋಡುತ್ತದೆ. ಬಣ್ಣ ಕೆಟ್ಟ ಕಾಳು ಕಂಡರೆ ಗಾಳಿ ಊದಿ ಆಚೆ ತಳ್ಳುತ್ತದೆ. ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನ ಮಾಡುವ, ಕಣ್ಣಿರುವ ಯಂತ್ರ. ರಾಜನ ಕಿವಿ ಊದುವ ಮಂತ್ರಿಗೆ ಇದಕ್ಕಿಂತ ತಕ್ಕ ವೇಷ ಬೇಕಾ?

ನೋಡಿ, ಒಂದೇ ಅಕ್ಷರ ಬದಲಾಗಿದೆ. ಹಳೆಯ ನೀತಿಕಥೆ ವಿಜ್ಞಾನ ಕಥೆ ಆಗಿಹೋಯಿತು. ಪುಸ್ತಕದ ಹೆಸರಿನಲ್ಲಿ ಅಕ್ಷರ ಬದಲಿಸುವ ಆಟವನ್ನು ಎಲ್ಲರೂ ತಮಾಷೆ ಅಂತಲೇ ಆಡುತ್ತಾರೆ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟು: ಈ ಆಟದ ನಿಯಮ ಮತ್ತು ವಿಜ್ಞಾನ ಕಥೆಯ ನಿಯಮ ಒಂದೇ. ಒಂದನ್ನು ಬದಲಿಸು, ಉಳಿದದ್ದನ್ನು ಹಾಗೇ ಬಿಡು, ಆಮೇಲೆ ಏನಾಗುತ್ತದೋ ಪ್ರಾಮಾಣಿಕವಾಗಿ ನೋಡು.

ಎಚ್. ಜಿ. ವೆಲ್ಸ್ ಇದನ್ನು ತುಂಬಾ ಚೆನ್ನಾಗಿ ಅರಿತಿದ್ದ. 1895ರಲ್ಲಿ ಟೈಮ್ ಮಷೀನ್, 1897ರಲ್ಲಿ ಇನ್‌ವಿಸಿಬಲ್ ಮ್ಯಾನ್, 1898ರಲ್ಲಿ ವಾರ್ ಆಫ್ ದಿ ವರ್ಲ್ಡ್ಸ್ ಬರೆದವನು. 1930ರ ದಶಕದಲ್ಲಿ ತನ್ನ ಈ ಹಳೆಯ ಕಥೆಗಳಿಗೆ ಒಂದು ಮುನ್ನುಡಿ ಬರೆದ. ಏನು ಬೇಕಾದರೂ ಆಗಬಹುದು ಅನ್ನುವ ಕಡೆ ಯಾವುದರಲ್ಲೂ ಸ್ವಾರಸ್ಯ ಉಳಿಯುವುದಿಲ್ಲ ಅನ್ನುವುದು ಅವನ ವಾದ. ಕಥೆಯಲ್ಲಿ ನಂಬಲಾಗದ ಸಂಗತಿ ಒಂದೇ ಇರಬೇಕು. ಉಳಿದದ್ದೆಲ್ಲ ನಮ್ಮ ನಿಮ್ಮ ಮನೆಯ ಹಾಗೇ ಇರಬೇಕು. ಇನ್‌ವಿಸಿಬಲ್ ಮ್ಯಾನ್ ಓದಿ ನೋಡಿ. ಗ್ರಿಫಿನ್ ಕಾಣುವುದಿಲ್ಲ, ಅದೊಂದೇ ಬದಲಾವಣೆ. ಆದರೆ ಅವನ ಬಟ್ಟೆ ಕಾಣುತ್ತದೆ. ಹಾಗಾಗಿ ಚಳಿಯಲ್ಲಿ ಬರಿ ಮೈಯಲ್ಲಿ ತಿರುಗಬೇಕು. ಉಂಡ ಊಟ ಅರಗುವ ತನಕ ಹೊಟ್ಟೆಯೊಳಗೆ ಕಾಣುತ್ತದೆ. ಇಡೀ ಕಾದಂಬರಿ ಹುಟ್ಟಿದ್ದು ಈ ಲೆಕ್ಕಾಚಾರದಿಂದ.

ಈಗ ಅದೇ ಹೆಸರನ್ನು ಕನ್ನಡಕ್ಕೆ ತನ್ನಿ. 'ಅದೃಶ್ಯ ಮಾನವ' ಅನ್ನೋಣ. ಅದರಲ್ಲಿ ಒಂದು 'ನ' ತೆಗೆಯಿರಿ. 'ಅದೃಶ್ಯ ಮಾವ'. ನಗಬೇಡಿ, ವೆಲ್ಸ್ ಮಾಡಿದ ಲೆಕ್ಕ ಮುಂದುವರಿಸಿ. ಮದುವೆ ಮನೆ. ಕೆಲವು ಕಡೆ ಸೋದರಮಾವನೇ ಮದುಮಗಳನ್ನು ಎತ್ತಿಕೊಂಡು ಮಂಟಪಕ್ಕೆ ತರುವ ಪದ್ಧತಿ ಇದೆ. ಮಾವ ಬಂದಿದ್ದಾನೆ, ಆದರೆ ಯಾರಿಗೂ ಕಾಣುವುದಿಲ್ಲ. ಮದುಮಗಳು ಗಾಳಿಯಲ್ಲಿ ತೇಲಿ ಬರುತ್ತಿದ್ದಾಳೆ. ಆಮೇಲೆ ಊಟದ ಪಂಕ್ತಿ. ಉಂಡದ್ದು ಅರಗುವ ತನಕ ಕಾಣುತ್ತದೆ ಅಂತ ವೆಲ್ಸ್ ಹೇಳಿದ್ದಾನೆ. ಖಾಲಿ ಎಲೆಯ ಮುಂದೆ ಹೋಳಿಗೆ ಗಾಳಿಯಲ್ಲಿ ನಿಂತಿದೆ. ಈ ಕಥೆಯನ್ನು ಯಾರಾದರೂ ಬರೆಯಲೇಬೇಕು.

ನನಗೆ ಎಲ್ಲಕ್ಕಿಂತ ಪ್ರೀತಿಯ ಬದಲಾವಣೆ 'ಕಾಲಯಂತ್ರ'ದ್ದು. ಟೈಮ್ ಮಷೀನಿಗೆ ಕನ್ನಡದಲ್ಲಿ ಎಲ್ಲರೂ ಹೇಳುವುದು ಇದೇ. ಇದರಲ್ಲಿ ಪೂರ್ತಿ ಅಕ್ಷರ ಬದಲಿಸುವುದೂ ಬೇಡ, ಒಂದು ಕೊಂಬು ಹಚ್ಚಿದರೆ ಸಾಕು. 'ಕಾಲುಯಂತ್ರ'. ಕಾಲಿನಿಂದ ತುಳಿಯುವ ಯಂತ್ರ ಅಂದ ತಕ್ಷಣ ನನಗೆ ನೆನಪಾಗುವುದು ಹೊಲಿಗೆ ಮಷೀನು. ಬಜಾರದ ಟೇಲರ್ ಅಂಗಡಿಯಲ್ಲಿ ಇರುತ್ತದಲ್ಲ, ಕೆಳಗೆ ಕಬ್ಬಿಣದ ಪೆಡಲ್, ಪಕ್ಕದಲ್ಲಿ ಚಕ್ರ, ಚಕ್ರಕ್ಕೆ ಚರ್ಮದ ಪಟ್ಟಿ. ಅದನ್ನು ತುಳಿದವರಿಗೆ ಒಂದು ವಿಷಯ ಗೊತ್ತು. ಚಕ್ರ ಮುಂದಕ್ಕೇ ತಿರುಗಬೇಕು. ಹೊಸದಾಗಿ ಕಲಿಯುವವರು ತುಳಿತ ತಪ್ಪಿ ಹಿಂದಕ್ಕೆ ತಿರುಗಿಸಿದರೆ ದಾರ ಸಿಕ್ಕಾಗುತ್ತದೆ, ತುಂಡಾಗುತ್ತದೆ.

ಈಗ ಕೇಳಿ. ಆ ಮಷೀನು ಕಾಲವನ್ನು ಹೊಲಿಯುತ್ತದೆ. ಮುಂದಕ್ಕೆ ತುಳಿದರೆ ನಾಳೆಯ ಬಟ್ಟೆ ಬರುತ್ತದೆ. ನಾಳೆ ಹುಟ್ಟುವ ಕೂಸಿನ ಕುಲಾವಿ, ಬರುವ ವರ್ಷದ ಮದುವೆಯ ಜಂಪರು. ಟೇಲರಮ್ಮನಿಗೆ ಊರಿನ ಭವಿಷ್ಯವೆಲ್ಲ ಅಳತೆಯ ಪಟ್ಟಿಯಲ್ಲೇ ಗೊತ್ತಾಗುತ್ತದೆ. ಯಾರ ಮೈ ಅಳತೆ ಕಮ್ಮಿ ಆಗುತ್ತಿದೆ, ಯಾರ ಅಳತೆ ಬರೆದ ಪುಟ ಖಾಲಿ ಇದೆ, ಎಲ್ಲ. ಅವಳಿಗೆ ಹಿಂದಕ್ಕೆ ಹೋಗುವ ಆಸೆ. ಹೋದ ಒಬ್ಬರನ್ನು ನೋಡಬೇಕು. ಆದರೆ ಹಿಂದಕ್ಕೆ ತುಳಿದರೆ ದಾರ ಹರಿಯುತ್ತದೆ. ಯಾರ ಆಯುಷ್ಯದ ದಾರ? ಕಥೆ ಅಲ್ಲಿ ಕಟ್ಟಿಕೊಳ್ಳುತ್ತದೆ. ವೆಲ್ಸ್‌ನ ಪ್ರಯಾಣಿಕ 8,02,701ನೇ ಇಸವಿಗೆ, ಆಮೇಲೆ ಅದರಾಚೆಗೂ ಹೋಗುತ್ತಾನೆ. ನಮ್ಮ ಟೇಲರಮ್ಮ ಅಷ್ಟು ದೂರ ಹೋಗಬೇಕಿಲ್ಲ. ಒಂದು ಓಣಿಯ ಮುಂದಿನ ಹತ್ತು ವರ್ಷ ಸಾಕು. ಒಂದು ಕೊಂಬಿನಿಂದ ಇದಿಷ್ಟೂ ಬಂತು. ಯಂತ್ರದ ನಿಜವಾದ ಗುಣವೇ, ಹಿಂದೆ ತಿರುಗಿದರೆ ದಾರ ಹರಿಯುವುದು, ಕಥೆಯ ನಿಯಮವಾಯಿತು. ಅದನ್ನು ನಾನು ಕಲ್ಪಿಸಬೇಕಾಗಲಿಲ್ಲ. ಹೆಸರೇ ಅದನ್ನು ಕೈ ಹಿಡಿದು ತಂದಿತು.

'ಸಾಲಯಂತ್ರ' ಅಂತ ಯಾರೋ ಅಂದರು. ನಾಳೆಯ ದಿನಗಳನ್ನು ಇವತ್ತು ಸಾಲ ಕೊಡುವ ಯಂತ್ರ. ಅದೂ ಒಳ್ಳೆಯದೇ. ಬಡ್ಡಿ ಯಾವುದರಲ್ಲಿ ಕಟ್ಟಬೇಕು ಅಂತ ಯೋಚಿಸಿ.

ಈ ಆಟಕ್ಕೆ ಇಂಗ್ಲಿಷಿನಲ್ಲಿ ಒಳ್ಳೆಯ ಚರಿತ್ರೆ ಇದೆ. ಒಂದು ಅಕ್ಷರ ಬದಲಿಸುತ್ತಾ ಒಂದು ಪದದಿಂದ ಇನ್ನೊಂದಕ್ಕೆ ಹೋಗುವ ಆಟವನ್ನು ಕಟ್ಟಿದವನು ಆಲಿಸ್ ಕಥೆ ಬರೆದ ಲೂಯಿಸ್ ಕ್ಯಾರಲ್. 1877ರ ಕ್ರಿಸ್‌ಮಸ್ ಹೊತ್ತಿಗೆ, ಹೊತ್ತು ಹೋಗದ ಇಬ್ಬರು ಹುಡುಗಿಯರಿಗಾಗಿ ಅದನ್ನು ಮಾಡಿದ. 1879ರಲ್ಲಿ ವ್ಯಾನಿಟಿ ಫೇರ್ ಪತ್ರಿಕೆಯಲ್ಲಿ ಅದು ಡಬ್ಲೆಟ್ಸ್ ಅನ್ನುವ ಹೆಸರಿನಲ್ಲಿ ಬಂತು. ತಲೆಯಿಂದ ಬಾಲಕ್ಕೆ ಹೋಗು ಅನ್ನುವುದು ಅದರ ಹೆಸರಾದ ಸವಾಲು: ಹೆಡ್, ಹೀಲ್, ಟೀಲ್, ಟೆಲ್, ಟಾಲ್, ಟೇಲ್ (head, heal, teal, tell, tall, tail). ನಮ್ಮಲ್ಲಿ ಕಲ್ಲಿನಿಂದ ಹುಲ್ಲಿಗೆ ಹೋಗಬಹುದು: ಕಲ್ಲು, ಹಲ್ಲು, ಹುಲ್ಲು. ನಮ್ಮ ಬಂಡೆಗುಡ್ಡಗಳಿಗೆ ಮಳೆಗಾಲ ಬಂದ ಹಾಗೆ. ಅದ್ಭುತ ಕಥೆಯ ದೊಡ್ಡ ಲೇಖಕನೊಬ್ಬನೇ ಈ ಆಟ ಕಟ್ಟಿದ್ದು ಸುಮ್ನೆ ಅಲ್ಲ ಅಂತ ನನ್ನ ನಂಬಿಕೆ. ಎರಡಕ್ಕೂ ಒಂದೇ ಬುದ್ಧಿ ಬೇಕು.

ಆಮೇಲೆ ಇದು ಪುಸ್ತಕದ ಹೆಸರುಗಳಿಗೆ ಹತ್ತಿಕೊಂಡಿತು. ಟೋಲ್ಕಿನ್ನನ ಲಾರ್ಡ್ ಆಫ್ ದಿ ರಿಂಗ್ಸ್ ಮೇಲೆ 1969ರಲ್ಲಿ ಹಾರ್ವರ್ಡ್ ಲ್ಯಾಂಪೂನ್ ಬಳಗದವರು ಒಂದು ಅಣಕು ಕಾದಂಬರಿ ತಂದರು. ಹೆಸರು ಬೋರ್ಡ್ ಆಫ್ ದಿ ರಿಂಗ್ಸ್, ಅಂದರೆ ಉಂಗುರಗಳಿಂದ ಬೇಸತ್ತದ್ದು. ಫ್ರಾಂಕ್ ಹರ್ಬರ್ಟನ ಡ್ಯೂನ್ 1965ರದು. ಅದರ ಅಣಕು 1984ರಲ್ಲಿ ಬಂತು, ಹೆಸರು ಡೂನ್. ಕನ್ನಡದಲ್ಲಿ ಬರೆದು ನೋಡಿ, ಒಂದು ಒತ್ತು ಬಿದ್ದುಹೋಗಿದೆ ಅಷ್ಟೇ. ಮರಳುಗಾಡಿಗೂ (desert) ಊಟದ ಕೊನೆಯ ಸಿಹಿಗೂ (dessert) ಇಂಗ್ಲಿಷಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಹಾಗಾಗಿ ಮೂಲದ ಮರಳಿನ ಗ್ರಹ ಅಣಕಿನಲ್ಲಿ ಸಕ್ಕರೆಯ ಗ್ರಹ ಆಯಿತು. ಫ್ಯಾಂಟಸಿ ಅಂಡ್ ಸೈನ್ಸ್ ಫಿಕ್ಷನ್ ಅನ್ನುವ ಪತ್ರಿಕೆ 1949ರಲ್ಲಿ ಶುರುವಾದದ್ದು. ಅದರಲ್ಲಿ ಓದುಗರಿಗೆ ಇಂಥ ಸ್ಪರ್ಧೆಗಳು ನಡೆಯುತ್ತಿದ್ದವು. ಆಯ್ದ ಉತ್ತರಗಳ ಪುಸ್ತಕ 1995ರಲ್ಲಿ ಬಂತು. ಅಸಿಮೋವ್‌ನ 'ಐ, ರೋಬಾಟ್' ಪುಸ್ತಕದ ಹೆಸರಿಗೆ ಒಂದಕ್ಷರ ಸೇರಿಸಿ ಅದಕ್ಕೆ 'ಓಯ್, ರೋಬಾಟ್' ಅಂತ ಹೆಸರಿಟ್ಟರು. ಈ ಹೆಸರು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ನಾವೂ ಗೆಳೆಯರನ್ನು 'ಓಯ್' ಅಂತಲೇ ಕರೆಯುವವರು. ಮನುಷ್ಯನಿಗೆ ಯಂತ್ರ 'ನಾನು' ಅಂದರೆ ಭಯ ಆಗುತ್ತದೆ. ಯಂತ್ರವನ್ನು 'ಓಯ್' ಅಂದರೆ ಅದು ಓಣಿಯ ಹುಡುಗ ಆಗಿಬಿಡುತ್ತದೆ.

ಇದೆಲ್ಲ ಹೊರಗಿಂದ ಬಂದ ಆಟ ಅಂದುಕೊಳ್ಳಬೇಡಿ. ಬಾಣಭಟ್ಟನ ಕಾದಂಬರಿ ಏಳನೇ ಶತಮಾನದ್ದು. ಗಿಳಿ ಕಥೆ ಹೇಳುತ್ತದೆ, ಚಂದ್ರ ಮನುಷ್ಯನಾಗಿ ಹುಟ್ಟಿಬರುತ್ತಾನೆ, ಜನ್ಮ ಜನ್ಮ ದಾಟಿದ ಪ್ರೀತಿ ಇದೆ. ಇದಕ್ಕಿಂತ ದೊಡ್ಡ ಫ್ಯಾಂಟಸಿ ಯಾವುದು? ಆ ಕಥೆಯ ಶುರುವಿನಲ್ಲೇ ಶೂದ್ರಕ ಅನ್ನುವ ರಾಜ ಹೇಗೆ ಹೊತ್ತು ಕಳೆಯುತ್ತಾನೆ ಅನ್ನುವ ವಿವರ ಬರುತ್ತದೆ. ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿ, ಒಗಟು. ಅಕ್ಷರಚ್ಯುತಕ ಅಂದರೆ ಒಂದು ಅಕ್ಷರ ಬೀಳಿಸಿ ಬೇರೆ ಅರ್ಥ ಹೊರಡಿಸುವುದು. ಮಾತ್ರಾಚ್ಯುತಕದಲ್ಲಿ ಬೀಳುವುದು ಸ್ವರದ ಗುರುತು ಮಾತ್ರ. ನಾವು ಮಾನವನನ್ನು ಮಾವ ಮಾಡಿದ್ದು ಮೊದಲನೆಯದು. ಆ ಕಾದಂಬರಿಯನ್ನು ನಾಗವರ್ಮ ಸುಮಾರು ಸಾವಿರ ವರ್ಷದ ಹಿಂದೆಯೇ ಕನ್ನಡಕ್ಕೆ ತಂದ.

ಕೊಪ್ಪಳದಲ್ಲಿ ನಿಂತು ಇನ್ನೊಂದು ಮಾತು ಹೇಳದೆ ಇರಲಾರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರು ಹೆಸರಿಸುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕೊಪಣ ಅಂದರೆ ನಮ್ಮ ಈ ಊರು. ಅದೇ ಗ್ರಂಥ ಈ ನಾಡಿನ ಜನರ ಬಗ್ಗೆ 'ಪದನರಿದು ನುಡಿಯಲುಂ ನುಡಿದುದನರಿದಾರಯಲುಂ' ಬಲ್ಲವರು ಅನ್ನುತ್ತದೆ. ಹದವರಿತು ಮಾತಾಡಬಲ್ಲರು, ಆಡಿದ್ದನ್ನು ತಿಳಿದು ತೂಗಬಲ್ಲರು. ಬರೀ ಪಂಡಿತರ ಬಗ್ಗೆ ಹೇಳಿದ್ದಲ್ಲ ಇದು. ಓದದೆಯೂ ಕಾವ್ಯ ಬಲ್ಲವರು ಅನ್ನುವ ಜನಸಾಮಾನ್ಯರ ಬಗ್ಗೆ ಹೇಳಿದ್ದು. ಪಕ್ಕದ ಬಳ್ಳಾರಿಯ ಕಡೆಗೆ ಬನ್ನಿ. ಬೀಚಿಯವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ನನ್ನ ಭಯಾಗ್ರಫಿ'. ಬ ಅಕ್ಷರದ ಹೊಟ್ಟೆ ಸೀಳಿದರು ಅಷ್ಟೇ, ಜೀವನದ ಕಥೆ ಭಯದ ಕಥೆಯಾಯಿತು. ನಾ. ಕಸ್ತೂರಿಯವರು ಅರ್ಥಕೋಶದೊಳಗೆ ಒಂದು 'ನ' ಸೇರಿಸಿ 'ಅನರ್ಥಕೋಶ' ಬರೆದರು. ಇಂಥ ಹಿರಿಯರಿರುವಾಗ ನಮಗೆ ಸಂಕೋಚ ಯಾಕೆ?

ಈಗ ಕನ್ನಡದಲ್ಲಿ ಆಡುವಾಗ ಬರುವ ನಿ‌ಜವಾದ ಕಷ್ಟಕ್ಕೆ ಬರೋಣ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಅಂದರೆ ಒಂದು ಗುರುತು. ನಮ್ಮಲ್ಲಿ ಒಂದು ಅಕ್ಷರದೊಳಗೇ ವ್ಯಂಜನ, ಒತ್ತು, ಗುಣಿತ ಎಲ್ಲ ಇರುತ್ತವೆ. 'ತ್ರೆ' ಅನ್ನುವುದು ಒಂದಾ, ಮೂರಾ? ಮಕ್ಕಳ ಜೊತೆ ಆಡುವಾಗ ಜಗಳ ಬರುವುದೇ ಇಲ್ಲಿ. ನಾನು ಇಟ್ಟುಕೊಂಡ ನಿಯಮ ಇದು. ದೀರ್ಘ, ಕೊಂಬು, ಗುಡಿಸು, ಸೊನ್ನೆ, ಒತ್ತು, ಇವುಗಳಲ್ಲಿ ಒಂದನ್ನು ಮಾತ್ರ ಮುಟ್ಟಿದರೆ ಅದು ಮೇಲಿನ ದರ್ಜೆಯ ಉತ್ತರ. ಪೂರ್ತಿ ಒಂದು ಅಕ್ಷರ ಬದಲಿಸಿದರೆ, ಬಿಟ್ಟರೆ ಅಥವಾ ಸೇರಿಸಿದರೆ ಅದರ ನಂತರದ್ದು. ಅನುಮಾನ ಬಂದರೆ ಮೊಬೈಲ್ ತೆಗೆದು ನೋಡಿ. 'ಕಾ' ಅಂತ ಟೈಪ್ ಮಾಡಿ ಒಮ್ಮೆ ಅಳಿಸಿದರೆ ಸಾಮಾನ್ಯವಾಗಿ ದೀರ್ಘ ಮಾತ್ರ ಹೋಗುತ್ತದೆ, 'ಕ' ಉಳಿಯುತ್ತದೆ. ಕಂಪ್ಯೂಟರ್ ಒಳಗೆ ಅವೆರಡೂ ಬೇರೆ ಬೇರೆ ಗುರುತುಗಳಾಗಿಯೇ ಇರುತ್ತವೆ.

ಒಂದು ಗುರುತಿನಿಂದ ಎಷ್ಟು ಆಗುತ್ತದೆ ನೋಡಿ. ಚಂದಮಾಮ ಪತ್ರಿಕೆ ಗೊತ್ತಲ್ಲ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೂ ಬಂದು ಎಷ್ಟೋ ಮಕ್ಕಳಿಗೆ ಬೇತಾಳನನ್ನು ಪರಿಚಯಿಸಿದ ಪತ್ರಿಕೆ. ಒಂದು ದೀರ್ಘ ಹಚ್ಚಿ. 'ಚಂದಾಮಾಮ'. ಗಣಪತಿ ಹಬ್ಬಕ್ಕೆ ರಸೀದಿ ಪುಸ್ತಕ ಹಿಡಿದು ಬರುವ ಮಾಮ! ತೇಜಸ್ವಿಯವರ ಕರ್ವಾಲೋ 1980ರದು. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವ ಕಥೆ. ಅದಕ್ಕೂ ಒಂದು ದೀರ್ಘ ಸಾಕು. 'ಕಾರ್ವಾಲೋ'. ನಮ್ಮ ಕಡೆ ದಖನಿ, ಹಿಂದಿ ಬಲ್ಲವರಿಗೆ ಕೇಳಿದ ತಕ್ಷಣ ತಿಳಿಯುತ್ತದೆ. ರಸ್ತೆಯಲ್ಲಿ ನಿಂತು 'ಓ ಕಾರಿನವರೇ' ಅಂತ ಕೂಗುವುದು. ಇದೇ ಆಟವನ್ನು ಮೈಸೂರಲ್ಲಿ ಆಡಿದರೆ ಈ ಉತ್ತರ ಇಷ್ಟು ಬೇಗ ಸಿಗಲಾರದು. ನಾಲ್ಕು ಭಾಷೆ ಕಿವಿಗೆ ಬೀಳುವ ಊರಲ್ಲಿ ಈ ಆಟಕ್ಕೆ ಜಾಸ್ತಿ ಬಾಗಿಲು.

ಕ್ಯಾರಲ್‌ನ ಕಥೆಯನ್ನೇ ತೆಗೆದುಕೊಳ್ಳಿ. 'ಅದ್ಭುತ ಲೋಕದಲ್ಲಿ ಆಲಿಸ್.' ಕೊನೆಗೆ ಒಂದು ಗುಡಿಸು ಕೊಡಿ. 'ಅದ್ಭುತ ಲೋಕದಲ್ಲಿ ಆಲಿಸಿ.' ಯಾವುದೋ ರೇಡಿಯೋ ಕೇಂದ್ರದ ಮಾತಿನ ಹಾಗಿದೆ, ಅಲ್ವಾ? ನಡುರಾತ್ರಿ ರಾಯಚೂರು ಆಕಾಶವಾಣಿ ಹಿಡಿಯಲು ಮುಳ್ಳು ತಿರುಗಿಸುತ್ತಿರುವ ಅಜ್ಜಿಗೆ ಮೊಲದ ಬಿಲದಿಂದ ವಾರ್ತೆ ಕೇಳಿಸಿದರೆ?

ಗುರುತನ್ನೂ ಮುಟ್ಟದೆ, ಬರೀ ಜಾಗ ಬಿಟ್ಟು ಆಡಬಹುದು. 'ಚಂದ್ರನಲ್ಲಿ ನೀರು' ಅಂತ ಬರೆಯಿರಿ. ಈಗ ಚಂದ್ರ ಆದಮೇಲೆ ಸ್ವಲ್ಪ ಜಾಗ ಬಿಡಿ. 'ಚಂದ್ರ ನಲ್ಲಿ ನೀರು.' ಚಂದ್ರನಿಗೆ ನಲ್ಲಿ ಕೂರಿಸಿದ್ದಾಯಿತು. ಇದು ಬರೀ ಮಾತಿನ ಆಟ ಅಲ್ಲ. 2008ರಲ್ಲಿ ನಮ್ಮ ಚಂದ್ರಯಾನ-1 ಹೋಯಿತು. ಅದರ ಮೇಲಿದ್ದ ಉಪಕರಣದ ಮಾಹಿತಿಯಿಂದ ಚಂದ್ರನ ಮಣ್ಣಿನಲ್ಲಿ ನೀರಿನ ಅಂಶ ಇದೆ ಅಂತ 2009ರಲ್ಲಿ ತಿಳಿಯಿತು. ಬೇಸಿಗೆಯಲ್ಲಿ ನಲ್ಲಿ ಯಾವಾಗ ಬರುತ್ತದೆ ಅಂತ ಕಾಯುವ ನಮ್ಮ ಓಣಿಯವರೇ ಚಂದ್ರನ ಮೇಲೆ ಮೊದಲ ವಾರ್ಡ್ ಕಟ್ಟಿದರೆ ಹೇಗಿರುತ್ತದೆ? ಕೊಡದ ಸಾಲು ಅಲ್ಲೂ ಇರುತ್ತದಾ? ಚಂದ್ರನಲ್ಲಿ ತೂಕ ಆರರಲ್ಲಿ ಒಂದು ಪಾಲು. ಒಬ್ಬರೇ ಆರು ಕೊಡ ಹೊರಬಹುದು.

ಈ ಆಟಕ್ಕೆ ವಿಜ್ಞಾನ ಕಥೆ ಮತ್ತು ಅದ್ಭುತ ಕಥೆಗಳ ಹೆಸರೇ ಯಾಕೆ ಅಂತ ಕೇಳಿದಿರಿ. ಬೇರೆ ಕಾದಂಬರಿಗಳ ಹೆಸರನ್ನೂ ಬದಲಿಸಬಹುದು. ನಗು ಬರುತ್ತದೆ, ಆದರೆ ಅಲ್ಲಿಗೇ ನಿಲ್ಲುತ್ತದೆ. ಈ ಬಗೆಯ ಪುಸ್ತಕಗಳ ಹೆಸರು ಚಿಕ್ಕದು, ಗಟ್ಟಿ. ಯಂತ್ರ, ಲೋಕ, ಯಾತ್ರೆ, ಉಂಗುರ, ಮಾನವ. ಪ್ರತಿಯೊಂದೂ ಒಂದು ಲೋಕದ ಭರವಸೆ ಕೊಡುತ್ತದೆ. ಹೆಸರು ಬದಲಾದರೂ ಆ ಭರವಸೆ ಹೋಗುವುದಿಲ್ಲ. ಹೊಸ ಹೆಸರೂ ಇನ್ನೊಂದು ಲೋಕವನ್ನು ಕೊಡಲೇಬೇಕಾಗುತ್ತದೆ.

ಜೂಲ್ಸ್ ವೆರ್ನ್ 1864ರಲ್ಲಿ ಭೂಮಿಯ ಒಡಲಿಗೆ ಇಳಿಯುವ ಕಥೆ ಬರೆದ. ಐಸ್‌ಲ್ಯಾಂಡಿನ ಒಂದು ಜ್ವಾಲಾಮುಖಿಯ ಬಾಯಿಯಿಂದ ಒಳಗೆ ಹೋಗಿ ಇಟಲಿಯ ಸ್ಟ್ರಾಂಬೋಲಿಯಲ್ಲಿ ಹೊರಗೆ ಬರುತ್ತಾರೆ. ಕನ್ನಡದಲ್ಲಿ 'ಭೂಗರ್ಭ ಯಾತ್ರೆ' ಅನ್ನೋಣ. 'ಯಾ' ತೆಗೆದು 'ಜಾ' ಇಡಿ. 'ಭೂಗರ್ಭ ಜಾತ್ರೆ'! ಜನವರಿ ಬಂದರೆ ಗವಿಸಿದ್ಧೇಶ್ವರನ ಜಾತ್ರೆಗೆ ಲಕ್ಷಾಂತರ ಜನ ಸೇರುವ ಊರು ಇದು. ಗವಿಯ ಹೆಸರಿನ ಜಾತ್ರೆಯೇ ನಮ್ಮದು. ಅದು ನೆಲದ ಕೆಳಗೆ ನಡೆದರೆ? ಲಿಂಗಸುಗೂರು ಕಡೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಗಣಿಯ ಕೇಜಿನಲ್ಲಿ ಇಳಿಯುತ್ತಾ ಹೋಗಿ. ಕೆಳಗೆ ಮಿಠಾಯಿ ಅಂಗಡಿ, ಬಳೆ ಅಂಗಡಿ, ತೊಟ್ಟಿಲು. ಸೂರ್ಯ ಇಲ್ಲ, ಹಾಗಾಗಿ ಜಾತ್ರೆ ಯಾವಾಗ ಮುಗಿಯುತ್ತದೆ ಅಂತ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ವಿಜ್ಞಾನವನ್ನು ಬಿಡಬೇಡಿ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ನಮ್ಮಂಥ ಬಹಳ ಹಳೆಯ ಬಂಡೆಯ ನೆಲದಲ್ಲಿ ಅದಕ್ಕಿಂತ ಕಮ್ಮಿ. ಏನೇ ಆದರೂ ಆಳಕ್ಕೆ ಹೋದಷ್ಟೂ ಸೆಕೆ. ಅಂದಮೇಲೆ ಆ ಜಾತ್ರೆಯಲ್ಲಿ ಎಲ್ಲರಿಗಿಂತ ದೊಡ್ಡ ಸಾಹುಕಾರ ಯಾರು? ಐಸ್‌ಕ್ಯಾಂಡಿ ಮಾರುವವನು. ತೇರು ಎಳೆಯಲು ದಾರಿ ಎಲ್ಲಿ? ಬಂಡೆ ಕೊರೆದವರ ಮನೆತನಕ್ಕೇ ಮೊದಲ ಮರ್ಯಾದೆ ಇರಬೇಕಲ್ಲವಾ? ಒಂದೊಂದು ಪ್ರಶ್ನೆಗೂ ಒಂದೊಂದು ಪುಟ ಬರುತ್ತದೆ.

ಇನ್ನೂ ಒಂದು ಹೆಜ್ಜೆ ಹೋದರೆ 'ಭೂಗರ್ಭ ಪಾತ್ರೆ'. ಹಿರೇಬೆಣಕಲ್ ಗುಡ್ಡದ ಮೇಲಿನ ಕಲ್ಲಿನ ಮನೆಗಳನ್ನು ನೋಡಿದವರಿಗೆ ಇದು ನಾಟುತ್ತದೆ. ಬೃಹತ್ ಶಿಲಾ ಸಮಾಧಿಗಳ ಕಾಲದ ಜನ ಸತ್ತವರ ಜೊತೆ ಮಡಿಕೆಗಳನ್ನೂ ಇಡುತ್ತಿದ್ದರು. ಆ ಮಡಿಕೆಯೊಳಗೆ ಏನಾದರೂ ಇನ್ನೂ ಕಾಯುತ್ತಾ ಕೂತಿದ್ದರೆ?

ಆರ್ಥರ್ ಕ್ಲಾರ್ಕ್ 1973ರಲ್ಲಿ ರಾಮ ಅನ್ನುವ ಬಾಹ್ಯಾಕಾಶದ ಕೊಳವೆಯ ಕಥೆ ಬರೆದ. ಉದ್ದ 50 ಕಿಲೋಮೀಟರ್, ಅಗಲ 20. ಗ್ರೀಕ್, ರೋಮನ್ ದೇವರ ಹೆಸರುಗಳು ಮುಗಿದುಹೋಗಿ ಖಗೋಳ ವಿಜ್ಞಾನಿಗಳು ನಮ್ಮ ದೇವರ ಹೆಸರುಗಳಿಗೆ ಬಂದಿದ್ದರು ಅಂತ ಕಾದಂಬರಿಯಲ್ಲೇ ಹೇಳುತ್ತಾನೆ. 'ರಾಮನ ಭೇಟಿ' ಅಂದರೆ ಅಂಜನಾದ್ರಿಯ ಕೆಳಗೆ ಬೆಳೆದವರಿಗೆ ಬೇರೆಯೇ ಭೇಟಿ ನೆನಪಾಗುತ್ತದೆ, ಅದು ಸಹಜ. ಅದರ ಮೊದಲ ಅಕ್ಷರ ಬದಲಿಸಿ. 'ವಾಮನ ಭೇಟಿ.' 50 ಕಿಲೋಮೀಟರ್ ನೌಕೆಯ ಬದಲು ಅಂಗೈ ಅಗಲದ ನೌಕೆ ಬರುತ್ತದೆ. ಮೂರು ಹೆಜ್ಜೆ ಜಾಗ ಕೇಳುತ್ತದೆ. ಕೊಡುತ್ತೀರಾ? ಮೂಲದಲ್ಲಿ ರಾಮ ಮನುಷ್ಯರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹೊರಟುಹೋಗುತ್ತದೆ. ಇಲ್ಲಿ ಬಂದವನು ಕೇಳುತ್ತಾನೆ, ನಾವು ಉತ್ತರ ಕೊಡಬೇಕಾಗುತ್ತದೆ. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಕಾದಂಬರಿಯ ಬೀಜ.

ಮುಂದಿನ ಸಾಲಿನ ಮೇಷ್ಟ್ರು ಒಂದು ಚೀಟಿ ಕೊಟ್ಟಿದ್ದಾರೆ. ಟೋಲ್ಕಿನ್ನನ ಕಥೆಯನ್ನು 'ಉಂಗುರಗಳ ಒಡೆಯ' ಅಂತ ಇಟ್ಟುಕೊಂಡು ಅದನ್ನು 'ಉಂಗುರಗಳ ಒಡವೆ' ಮಾಡಿದ್ದಾರೆ. ಮೇಷ್ಟ್ರೇ, ಅರ್ಥ ಅದ್ಭುತ. ಉಂಗುರದ ಒಡೆಯ ಅಂದುಕೊಂಡವನು ಉಂಗುರಕ್ಕೇ ಒಡವೆಯಾಗುತ್ತಾನೆ. ಆ ಕಥೆಯ ತಿರುಳೇ ಅದು. ಆದರೆ 'ಡೆ' ಹೋಗಿ 'ಡ' ಆಗಿದೆ, 'ಯ' ಹೋಗಿ 'ವೆ' ಆಗಿದೆ. ಎರಡು ಕಡೆ ಕೈ ಹಾಕಿದ್ದೀರಿ. ನಡೆಯುವುದಿಲ್ಲ. ಇಲ್ಲಿ ನಾನು ಬಿಗಿಯಾಗಿಯೇ ಇರುತ್ತೇನೆ. ಎರಡಕ್ಕೆ ಬಿಟ್ಟರೆ ಮೂರಕ್ಕೂ ಬಿಡಬೇಕಾಗುತ್ತದೆ, ಆಗ ಯಾವ ಹೆಸರನ್ನು ಬೇಕಾದರೂ ಯಾವ ಹೆಸರಾಗಿಯೂ ಮಾಡಬಹುದು. ವೆಲ್ಸ್ ಹೇಳಿದ ಸ್ವಾರಸ್ಯ ಹೋಗುತ್ತದೆ. ಅದೇ ಹೆಸರಿನ ಕೊನೆಯ 'ಯ' ಒಂದನ್ನೇ ತೆಗೆದು ನೋಡಿ. 'ಉಂಗುರಗಳ ಒಡೆ.' ಉಂಗುರಗಳನ್ನು ಒಡೆ ಅನ್ನುವುದನ್ನು ಹಾಡಿನಲ್ಲಿ, ಪದ್ಯದಲ್ಲಿ ಹೀಗೆ ಹೇಳುತ್ತೇವಲ್ಲ. ಸಾವಿರ ಪುಟದ ಕಥೆಯಲ್ಲಿ ಮಾಡಬೇಕಾದ ಕೆಲಸ ಇದೇ, ಆ ಉಂಗುರವನ್ನು ಬೆಂಕಿಗೆ ಹಾಕಿ ನಾಶ ಮಾಡುವುದು. ಹೆಸರಿನ ಒಳಗೇ ಕಥೆಯ ಕೊನೆ ಅಡಗಿ ಕೂತಿತ್ತು!

"ಸರ, ಮಂಗಳಯಾನ ನಡೀತದೇನ್ರಿ? ಮಂಗಯಾನ!"

ಪುಸ್ತಕದ ಹೆಸರಲ್ಲ, ಆದರೂ ಬಿಡಲು ಮನಸ್ಸಿಲ್ಲ. ನಮ್ಮ ಮಂಗಳಯಾನ 2013ರಲ್ಲಿ ಹೊರಟು 2014ರ ಸೆಪ್ಟೆಂಬರಿನಲ್ಲಿ ಮಂಗಳನ ಕಕ್ಷೆ ಸೇರಿತು. ಮಂಗಯಾನ ಅದಕ್ಕಿಂತ ಬಹಳ ಮೊದಲೇ ನಡೆದಿದೆ. 1949ರಲ್ಲಿ ಅಮೆರಿಕದವರು ಆಲ್ಬರ್ಟ್-2 ಅನ್ನುವ ಮಂಗವನ್ನು ರಾಕೆಟ್ಟಿನಲ್ಲಿ ಬಾಹ್ಯಾಕಾಶದ ಗಡಿ ದಾಟಿಸಿದರು. ಪಾಪ, ವಾಪಸ್ ಇಳಿಯುವಾಗ ಪ್ಯಾರಾಚೂಟ್ ಕೈಕೊಟ್ಟು ಅದು ಬದುಕಲಿಲ್ಲ. ಹುಡುಗರೇ, ಕಿಷ್ಕಿಂಧೆಯ ನಾಡಿನವರು ಆ ಮಂಗದ ಕಡೆಯಿಂದ ಈ ಕಥೆ ಬರೆಯಬೇಕು.

ಕೆಲವು ಹೆಸರುಗಳನ್ನು ನಾನು ಪಕ್ಕಕ್ಕಿಡುತ್ತೇನೆ. ಯಾರದೋ ಜಾತಿ, ಮೈಬಣ್ಣ, ಅಂಗವೈಕಲ್ಯ ಎಳೆದು ತರುವ ಹೆಸರುಗಳು ಆಟಕ್ಕೆ ಬೇಡ. ಲೇಖಕರ ಹೆಸರನ್ನು ಅಣಕಿಸುವುದೂ ಬೇಡ. ಪುಸ್ತಕದ ಮೇಲಿನ ಪ್ರೀತಿಯಿಂದ ಆಡುವ ಆಟ ಇದು. ಮೂಲ ಓದದೆ ಹೆಸರು ಬದಲಿಸಿದರೆ ನಗು ಬರುತ್ತದೆ, ಕಥೆ ಬರುವುದಿಲ್ಲ. ಹೊಟ್ಟೆಯೊಳಗಿನ ಊಟ ಕಾಣುತ್ತದೆ ಅಂತ ಓದಿದ್ದರಿಂದಲೇ ಅಲ್ಲವಾ ಗಾಳಿಯಲ್ಲಿ ಹೋಳಿಗೆ ನಿಂತದ್ದು!

ಶಾಲೆಯಲ್ಲಿ ಆಡಿಸುವುದು ಹೇಗೆ ಅಂತ ಶಿಕ್ಷಕಿಯೊಬ್ಬರು ಕೇಳಿದ್ದಾರೆ. ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಮೊದಲು ಹಳೆಯ ಕಥೆಯನ್ನು ಐದು ನಿಮಿಷ ಹೇಳಿ. ಆಮೇಲೆ ಮಕ್ಕಳು ಬದಲಿಸಲಿ. ಬಂದ ಎಲ್ಲ ಹೆಸರುಗಳನ್ನೂ ಬರೆಯಿರಿ, ಲಂಚತಂತ್ರ ಬಂದರೂ ಬರೆಯಿರಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಈ ಹೆಸರಿನ ಪುಸ್ತಕ ನಿಜವಾಗಿ ಇದ್ದರೆ ಅದರ ಮೊದಲ ಸಾಲು ಏನು? ಆ ಪ್ರಶ್ನೆಗೆ ತರಗತಿ ಸುಮ್ಮನಾಗಿ ಯೋಚಿಸಿದರೆ ಅದು ಒಳ್ಳೆಯ ಹೆಸರು. ಕಾಗುಣಿತ ತಪ್ಪು ಮಾಡುವ ಮಕ್ಕಳನ್ನು ಈ ಆಟಕ್ಕೆ ಮೊದಲು ಕರೆಯಿರಿ. ದೀರ್ಘ ಎಲ್ಲಿ ಬಂತು, ಕೊಂಬು ಎಲ್ಲಿ ಹೋಯಿತು ಅಂತ ಅವರು ಆಸೆಯಿಂದ ನೋಡಲು ಶುರು ಮಾಡುತ್ತಾರೆ. ರಾಯಚೂರಿನ ಮೇ ತಿಂಗಳ ಸೆಕೆಯಲ್ಲಿ ಮಕ್ಕಳೇ ಕಟ್ಟಿದ ಹೆಸರು ಒಂದಿದೆ: 'ಹ್ಯಾರಿ ವಾಟರ್'. ಮಂತ್ರದ ಕೋಲಿನಿಂದ ಬತ್ತಿದ ಬೋರ್‌ವೆಲ್‌ಗೆ ನೀರು ತರುವ ಹುಡುಗ. ಆ ಕಥೆಯ ಮೊದಲ ಸಾಲು ಕಟ್ಟುವುದಕ್ಕೆ ಯಾವ ಮಕ್ಕಳಿಗೂ ಕಷ್ಟ ಆಗುವುದಿಲ್ಲ.

ಈಗ ನನ್ನ ಮಾತು ಸಾಕು. ಚೀಟಿ, ಪೆನ್ನು ಹಂಚುತ್ತಿದ್ದಾರೆ. ಇವತ್ತಿನ ಹೆಸರು ವೆಲ್ಸ್‌ನ ವಾರ್ ಆಫ್ ದಿ ವರ್ಲ್ಡ್ಸ್ ಪುಸ್ತಕದ್ದು. ಮಂಗಳ ಗ್ರಹದವರು ಭೂಮಿಗೆ ದಂಡೆತ್ತಿ ಬರುತ್ತಾರೆ. ಮನುಷ್ಯರ ಯಾವ ತೋಪೂ ಅವರನ್ನು ತಡೆಯುವುದಿಲ್ಲ. ಕೊನೆಗೆ ನಮ್ಮ ಕಣ್ಣಿಗೂ ಕಾಣದ ಬ್ಯಾಕ್ಟೀರಿಯಾ ಅವರನ್ನು ಕೊಲ್ಲುತ್ತದೆ. ಕನ್ನಡದಲ್ಲಿ 'ಲೋಕಗಳ ಕದನ' ಅಂತ ಬರೆದುಕೊಳ್ಳಿ. ಒಂದೇ ಅಕ್ಷರ. ಹೆಸರಿನ ಕೆಳಗೆ ಮೊದಲ ಸಾಲನ್ನೂ ಬರೆಯಿರಿ. ಚಿಕ್ಕ ಮಕ್ಕಳಿಗೆ ಮಾತ್ರ ಒಂದು ಸುಳಿವು ಕೊಡುತ್ತೇನೆ: ಕೊನೆಯ ಅಕ್ಷರವನ್ನು ಬಿಟ್ಟು ಓದಿ ನೋಡಿ. ಆಮೇಲೆ ಅದನ್ನು ತೆರೆದರೆ ಆಚೆ ಕಡೆ ಯಾರಿದ್ದಾರೆ ಅಂತ ಬರೆಯಿರಿ.